ಮಂಚದ ಕೆಳಗಿನ ಲೆಕ್ಕ

ಹುಬ್ಬಳ್ಳಿ ಟು ಗದಗ, ಅಣ್ಣಿಗೇರಿ ಮ್ಯಾಲೆ,
ದಿನಕ್ಕ ಮೂರು ಟ್ರಿಪ್ಪು ನಂದು.
ಚೀಟಿ ಹರದು ಕೊಡೂದು ನನ್ನ ಉದ್ಯೋಗ,
ಚೀಟಿ ಕತ್ತರಿಸಿ ಇಡೂದು ಕಸ್ತೂರಿದು.

ಐತವಾರ ನನಗ ಓದಾಕ ಸಿಗೂದು
ತೂತು ಬಿದ್ದ ಪೇಪರ್.
ಯಾರೋ ಮಂತ್ರಿದು ಅರ್ಧ ಮಾರಿ ಹೋಗಿರತೈತಿ,
ಅದರ ಬೆನ್ನಿಗೆ ಸೋಪಿನ ಪುಡಿದು ಹತ್ತು ರೂಪಾಯಿ ಸೋಡಿ ಇತ್ತಂತ.
"ಅಂವನ ಮಾರಿಗೆ ಹತ್ತು ರೂಪಾಯಿ ಬಂತಲ್ಲ, ಸಾಕು ಬಿಡ್ರಿ" ಅಂತಾಳ.

ಚಹಾಪುಡಿ ಪಾಕೀಟಿನ ಮೂಲಿ, ಬಿಸ್ಕೀಟಿನ ಬೆನ್ನು,
ಎಲ್ಲಾ ನನ್ನ ಹಳೇ ಚರ್ಮದ ಬ್ಯಾಗಿನ್ಯಾಗ.
ಐದರ ಖಾನೆ, ಹತ್ತರ ಖಾನೆ, ಇಪ್ಪತ್ತರ ಖಾನೆ,
ನಾ ನೋಟು ಇಡತಿದ್ದ ಹಂಗ.
ತಾರೀಖು ಸಮೀಪ ಬಂದವು ಎಲ್ಲಾಕಿಂತ ಮುಂದ,
ಸ್ಟಾಪ್ ಬಂತಂತ ಬಾಗಿಲಿಗೆ ಬಂದು ನಿಂತ ಮಂದಿ ಹಂಗ.

ಮಂಚದ ಕೆಳಗ ನೋಡಬೇಕ್ರಿ.
ಸಕ್ರಿ ಹನ್ನೆರಡು ಕಿಲೋ, ಸೇಂಗಾ ಎಣ್ಣಿ ಎಂಟು ಪಾಕೀಟು,
ಲಿಂಬಿ ವಾಸನಿ ಸೋಪು, ಜಪದ ಮಣಿ ಹಂಗ ನೂರಾ ಎಂಟು,
ನಾಕಕ್ಕ ಎರಡು ಪುಕ್ಕಟ ಅಂದಾಗ ತಂದದ್ದು.
ಮೂರು ವರ್ಷದಿಂದ ನನ್ನ ಖಾಕಿಗೆ ಒಂದ ವಾಸನಿ.
ನಲವಡ್ಯಾಗ ಹತ್ತೂ ಅಡಿವೆಪ್ಪಜ್ಜಗ ಕಣ್ಣು ಕಾಣೂದಿಲ್ಲ,
ನಾ ಬಾಯಿ ತೆರ್ಯೂದ್ರೊಳಗ ಕೈ ಚಾಚತಾನ:
"ಲಿಂಬಿಕಾಯಿ ಕಂಡಕ್ಟರ್, ಒಂದು ಗದಗ."

ನಾ ನಕ್ಕದ್ದು ಭಾಳ.
"ಯಾವ ಯುದ್ಧಕ್ಕ ಕೂಡಿಸಿ ಇಡತಿ?" ಅಂತಿದ್ದೆ.
ಅದಕ್ಕ ಉತ್ತರ ಕೊಡಲಿಲ್ಲ ಅಕಿ,
ಯರಗುಪ್ಪಿ ಅಜ್ಜನ ಮನಿ ಹಗೇವು ತಗದಳು ಮಾತಿಗೆ:
ಅಂಗಳದಾಗ ಬಾಯಿ ಮುಚ್ಚಿದ ಕುಣಿ,
ಒಳಗ ಜ್ವಾಳ, ಮ್ಯಾಲೆ ಹುಲ್ಲು, ಬೂದಿ, ಮಣ್ಣು.
ತೆರದ ದಿನ ಯಾರೂ ತಟ್ಟನ ಇಳೀಬಾರದು,
ಒಳಗ ಉಸರಿರೂದಿಲ್ಲ.
ಮೊದಲು ದೀಪ ಇಳಿಬಿಟ್ಟು ನೋಡತಿದ್ರಂತ.
"ನಮಗ ಅಂಗಳಿಲ್ಲ, ಮಂಚ ಐತಿ."
ಅಷ್ಟ.

ತಪ್ಪೂ ಆಗ್ಯಾವ, ಹೇಳಬೇಕು.
ಒಂದು ಮಳಿಗಾಲ ಹದಿನಾಕು ಕಿಲೋ ರವಾಕ್ಕ ಹುಳ ಬಿತ್ತು.
ಓಣಿ ಮಲಗಿದ ಮ್ಯಾಲೆ ಮಾಳಗಿ ಹತ್ತಿ
ಒಬ್ಬಾಕಿನ ಕುಂತು ಜರಡಿ ಹಿಡದಳು.
ಮುಂದ ಒಂಬತ್ತು ದಿನ ಉಪ್ಪಿಟ್ಟು.
ನಾ ಏನೂ ಅನ್ನಲಿಲ್ಲ,
ಅನ್ನದ್ದು ಅಕಿಗೆ ಕೇಳಿಸಿತು.

ಗೋಕುಲ ರೋಡಿನ ದೊಡ್ಡ ಅಂಗಡ್ಯಾಗ ಒಮ್ಮೆ
ಬಿಲ್ಲಿನ ಹುಡುಗಿ ಚೀಟಿ ತಿರುವಿ
"ನಿನ್ನೆಗೇ ಮುಗದೈತ್ರಿ" ಅಂದಳು.
ಹಿಂದ ಪಾಳಿ ನಿಂತವರು ಉಸ್ಸಂದ್ರು.
ಇಪ್ಪತ್ತು ರೂಪಾಯಿ. ಕಸ್ತೂರಿ ಕಿವಿ ಕೆಂಪಾದವು.
ಟಿಕೆಟ್ ಬೆನ್ನಿಗೆ ಬಾಕಿ ಬರದುಕೊಟ್ಟು
ಆಮ್ಯಾಲೆ ನಾ ಮರತ ಚಿಲ್ಲರ
ಅವತ್ತ ಯಾಕ ನೆನಪಾತು, ಗೊತ್ತಿಲ್ಲ.

ಮುಂದ ಮುಷ್ಕರ.
ಗಾಲಿ ನಿಂತವು, ಪಗಾರ ನಿಂತಿತು.
ಮೊದಲನೇ ತಿಂಗಳು ಡಿಪೋ ಗೇಟಿನ್ಯಾಗ ಘೋಷಣಾ ಕೂಗಿದೆ,
ಎರಡನೇದಕ್ಕ ದನಿ ಬಿತ್ತು.
ಮನ್ಯಾಗ ಚಹಾ ತಪ್ಪಲಿಲ್ಲ.
ಮಂಚದ ಕೆಳಗಿಂದ ಒಂದೊಂದ ಹೊರಗ ಬಂದವು,
ಹಳೇ ತಾರೀಖು ಮೊದಲು, ಸರತಿ ಬಿಡದಂಗ.

ಡ್ರೈವರ್ ಮೌಲಾಸಾಬನ ಹೆಂಡತಿ ಖೈರುನ್ ಬಂದಳು,
ಹೊಸ್ತಿಲಾಗ ನಿಂತು ಬಿಸಲಿನ ಮಾತಾಡಿದಳು,
ನಳಾ ಯಾವಾಗ ಬರತಾವಂತ ಎರಡು ಸಲ ಕೇಳಿದಳು.
ಕಸ್ತೂರಿ ಏನೂ ಕೇಳಲಿಲ್ಲ.
ಎರಡು ಎಣ್ಣಿ, ಒಂದು ತೊಗರಿಬ್ಯಾಳಿ ಚೀಲಕ್ಕ ಹಾಕಿ
"ತಾರೀಖು ಮುಗ್ಯಾಕ ಬಂದಾವ, ನಮಗ ತೀರೂದಿಲ್ಲ, ಒಯ್ಯವಾ" ಅಂದಳು.
ರಾತ್ರಿ ಬಗ್ಗಿ, ಉಳದ ಪಾಕೀಟು ತಿರುವಿ ನೋಡಿದೆ.
ಇನ್ನೂ ಏಳು ತಿಂಗಳಿತ್ತು.

ಈಗ ಬಸ್ಸು ಹೊಂಟಾವ.
ಮೊನ್ನೆ ಅಣ್ಣಿಗೇರಿ ಸ್ಟ್ಯಾಂಡಿನ್ಯಾಗ ಯಾರೋ ಬಿಟ್ಟು ಇಳದ ಪೇಪರ್,
ಏಳನೇ ಪುಟದಾಗ ಚುಕ್ಕಿ ಗೆರಿ ಚೌಕ:
ಅವಲಕ್ಕಿ, ಐದು ರೂಪಾಯಿ.
ಕತ್ತರಿ ಇರಲಿಲ್ಲ. ಉಗುರಿಲೆ ಗೆರಿ ಎಳದು ಹರದೆ.
ಸೊಟ್ಟಾತು.

ಅಕಿ ಬಲ್ಬಿಗೆ ಹಿಡದು ನೋಡಿದಳು.
"ತಾರೀಖ ಅರ್ಧಾ ಹರದೀರಲ್ರಿ.
ನಡೀತೈತೋ ಇಲ್ಲೋ."
ಐದರ ಖಾನ್ಯಾಗ ಹಾಕಿದಳು,
ಎಲ್ಲಾಕಿಂತ ಮುಂದ.